ಪುರುಸೊತ್ತಿಲ್ಲದ ಮನೆಯಲ್ಲಿ ಬೆಳೆಯುವ ಮಗು

(ಮಂಡ್ಯದಲ್ಲಿ ಅಂಗನವಾಡಿ ಟೀಚರ್‌ಗಳು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಮಂಡ್ಯದಲ್ಲಿ ನಿಂತು ಮಾತಾಡುವಾಗ ಕಬ್ಬಿನಿಂದಲೇ ಶುರು ಮಾಡೋಣ. ಚಿಕ್ಕ ಮಕ್ಕಳ ಓದಿಗೂ ಕಬ್ಬಿಗೂ ಏನು ಸಂಬಂಧ ಅನ್ನುವುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ತಮಿಳುನಾಡಿನಲ್ಲಿ ಸಂಶೋಧಕರು 464 ಕಬ್ಬು ಬೆಳೆಗಾರರಿಗೆ ಎರಡು ಸಲ ಸಣ್ಣ ಪರೀಕ್ಷೆ ಕೊಟ್ಟರು. ಒಂದು ಸಲ ಕಟಾವಿಗೆ ಮುಂಚೆ, ಇನ್ನೊಂದು ಸಲ ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ. ಚಿತ್ರದಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ಹುಡುಕುವುದು, ಥಟ್ಟನೆ ಬಾಯಿಗೆ ಬಂದದ್ದನ್ನು ತಡೆದು ಸರಿಯಾದ ಉತ್ತರ ಹೇಳುವುದು, ಇಂಥ ಪರೀಕ್ಷೆಗಳು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ರೈತ, ಅದೇ ತಲೆ. ಆದರೆ ಕೈ ಖಾಲಿ ಇದ್ದಾಗ ನಿಧಾನ, ತಪ್ಪುಗಳೂ ಜಾಸ್ತಿ. ದುಡ್ಡು ಬಂದ ಮೇಲೆ ಅವರೇ ಚುರುಕು. ಹಣದ ಚಿಂತೆ ತಲೆಯಲ್ಲಿ ಎಷ್ಟು ಜಾಗ ತಿನ್ನುತ್ತದೆ ಅಂದರೆ, ರಾತ್ರಿಯಿಡೀ ನಿದ್ದೆ ಕೆಟ್ಟವರ ಸ್ಥಿತಿಗೆ ಅದನ್ನು ಹೋಲಿಸಿದ್ದಾರೆ.

ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯಿಂದ ಕಡಿಯೋಕೆ ಆರ್ಡರ್ ಬಂದಿಲ್ಲ, ಕಬ್ಬು ಒಣಗುತ್ತಿದೆ, ಸೊಸೈಟಿ ಸಾಲದ ಕಂತು ಬಂತು, ಸಂಘದ ವಾರದ ಕಂತು ಬೇರೆ. ಆ ಹೊತ್ತಿನಲ್ಲಿ ಎರಡು ವರ್ಷದ ಮಗು ಬಂದು ಪಂಚೆ ಎಳೆದು "ಅದೇನು?" ಅಂತ ಕೇಳುತ್ತದೆ. "ಹೋಗು ಅತ್ಲಾಗೆ" ಅನ್ನುವ ಮಾತು ಬಾಯಿಂದ ಬರುತ್ತದೆ, ಅಲ್ವಾ? ಆ ಅಪ್ಪನಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವಾ? ಖಂಡಿತ ಇದೆ. ಅವನ ಹತ್ತಿರ ಇಲ್ಲದ್ದು ಪುರುಸೊತ್ತು. ಕೈಗೆ ಕೆಲಸ ಇಲ್ಲದಿದ್ದರೂ ತಲೆಗೆ ಪುರುಸೊತ್ತಿಲ್ಲ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಬಡವರ ಮನೆಯ ಮಗು ಒಂದನೇ ಕ್ಲಾಸಿಗೆ ಬಂದಾಗ ಹಿಂದೆ ಉಳಿದಂತೆ ಕಂಡರೆ, ಅದಕ್ಕೆ ಮಗುವಿನ ಬುದ್ಧಿಯಾಗಲಿ ತಾಯಿಯ ಪ್ರೀತಿಯಾಗಲಿ ಕಾರಣವಲ್ಲ. ಆ ಮಗುವಿನ ಮೊದಲ ಐದು ವರ್ಷದಲ್ಲಿ ಪುರುಸೊತ್ತು ಇರುವ ದೊಡ್ಡವರು ಸಿಗಲಿಲ್ಲ. ಹೊಟ್ಟೆಗೂ ಸರಿಯಾದದ್ದು ಸಿಗಲಿಲ್ಲ. ಎರಡನ್ನೂ ನಾವು ಸರಿ ಮಾಡಬಹುದು.

ಐದು ವರ್ಷ ಅಂತ ಯಾಕೆ ಒತ್ತಿ ಹೇಳುತ್ತೇನೆ? ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ಇರುತ್ತದೆ. ಐದು ವರ್ಷಕ್ಕೆ ಸುಮಾರು ಶೇ 90ರಷ್ಟು ಬೆಳೆದಿರುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ನರಕೋಶಗಳ ನಡುವೆ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ಕೊಂಡಿಗಳು ಹುಟ್ಟುತ್ತವೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬಳಸಿದ ಕೊಂಡಿ ಗಟ್ಟಿಯಾಗುತ್ತದೆ, ಬಳಸದ್ದು ಕಳಚಿಕೊಳ್ಳುತ್ತದೆ. ನಮ್ಮ ಗದ್ದೆ ಬಯಲಿನ ಕಾಲುದಾರಿ ಇದ್ದ ಹಾಗೆ. ಜನ ಓಡಾಡಿದ ಕಡೆ ದಾರಿ, ಓಡಾಡದ ಕಡೆ ಹುಲ್ಲು.

ಆ ದಾರಿಯಲ್ಲಿ ಓಡಾಡುವುದು ಯಾರು? ಬಹುಮಟ್ಟಿಗೆ ಮಾತು.

ಮೈಸೂರಿನ ಎನ್.ಆರ್. ಮೊಹಲ್ಲಾ ಕಡೆ ಒಂದು ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ತಾಯಿ ಅಗರಬತ್ತಿ ಹೊಸೆಯುತ್ತಿದ್ದಳು. ಮುಂದೆ ಮಣೆ, ಪಕ್ಕದಲ್ಲಿ ಕಪ್ಪು ಮಸಾಲೆ ಉಂಡೆ, ಬಿದಿರು ಕಡ್ಡಿಯ ಕಟ್ಟು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಕಣ್ಣು ಮಣೆ ಬಿಟ್ಟರೆ ಕಡ್ಡಿ ಸೊಟ್ಟ, ಸೊಟ್ಟ ಕಡ್ಡಿಗೆ ದುಡ್ಡಿಲ್ಲ. ಒಂದೂವರೆ ವರ್ಷದ ಹುಡುಗಿ ಕಿಟಕಿ ಹತ್ತಿರ ನಿಂತು "ಕಾಕಾ" ಅಂದಳು. ತಾಯಿ ತಲೆ ಎತ್ತಲಿಲ್ಲ. ಮಗು ಮತ್ತೆ "ಕಾಕಾ" ಅಂತು, ಈ ಸಲ ತಾಯಿಯ ಹೆಗಲು ತಟ್ಟಿ. ತಾಯಿ "ಹೂಂ" ಅಂದಳು, ಕೈ ಓಡುತ್ತಲೇ ಇತ್ತು. ಆಗ ಸ್ಕೂಲಿಂದ ಬಂದ ಅಕ್ಕ ಬ್ಯಾಗ್ ಕೆಳಗಿಟ್ಟು ಕಿಟಕಿ ಹತ್ತಿರ ಹೋದಳು. "ಕಾಗೆ! ಎಷ್ಟಿದಾವೆ? ಒಂದು... ಇನ್ನೊಂದೆಲ್ಲಿ? ಅಗೋ, ತಂತಿ ಮೇಲೆ!" ಅಂದಳು. ಪುಟ್ಟಿ ಕೈ ತೋರಿಸಿ "ಮ್ಯಾಕೆ" ಅಂದಳು. "ಹೂಂ, ಮೇಲೆ. ಹಾರೋಯ್ತು ನೋಡು!" ಅಂದಳು ಅಕ್ಕ.

ಒಂದು ನಿಮಿಷ ಆಗಿರಲಿಕ್ಕಿಲ್ಲ. ಆದರೆ ಅಷ್ಟರಲ್ಲಿ ಎಣಿಕೆ ಬಂತು, ಮೇಲೆ ಅನ್ನುವ ದಿಕ್ಕು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಹೇಳಿದರೆ ಯಾರೋ ಕೇಳುತ್ತಾರೆ ಅನ್ನುವ ಧೈರ್ಯ ಆ ಮಗುವಿಗೆ ಬಂತು. ಆ ಅಕ್ಕನಿಗೆ ಎಂಟೋ ಒಂಬತ್ತೋ ವರ್ಷ. ಆ ಮನೆಯ ಬಾಲವಾಡಿ ಟೀಚರ್ ಅವಳೇ.

ಹೀಗೆ ಮಗು ಒಂದು, ದೊಡ್ಡವರು ಒಂದು ಆಡುವ ಮಾತಿನ ಬಗ್ಗೆ ಅಮೆರಿಕದಲ್ಲಿ 2018ರಲ್ಲಿ ಒಂದು ಅಧ್ಯಯನ ಬಂತು. ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಯ ಮಾತನ್ನು ರೆಕಾರ್ಡ್ ಮಾಡಿದರು. ಆಮೇಲೆ ಮಕ್ಕಳು ಕಥೆ ಕೇಳುವಾಗ ಮಿದುಳಿನ ಸ್ಕ್ಯಾನ್ ತೆಗೆದರು. ದೊಡ್ಡವರು ಒಟ್ಟು ಎಷ್ಟು ಪದ ಆಡಿದರು ಅನ್ನುವುದಕ್ಕಿಂತ, ಮಗು ಒಂದು ಮಾತು ಆಡಿ ದೊಡ್ಡವರು ಉತ್ತರ ಕೊಟ್ಟು ಮಗು ಮತ್ತೆ ಆಡಿದ ಸರದಿ ಎಷ್ಟು ಅನ್ನುವುದೇ ಮುಖ್ಯವಾಗಿ ಕಂಡಿತು. ಸರದಿ ಜಾಸ್ತಿ ಇದ್ದ ಮಕ್ಕಳಲ್ಲಿ ಭಾಷೆಗೆ ಸಂಬಂಧಪಟ್ಟ ಮಿದುಳಿನ ಭಾಗ ಹೆಚ್ಚು ಕೆಲಸ ಮಾಡುತ್ತಿತ್ತು. ಮನೆಯ ಆದಾಯ ಎಷ್ಟೇ ಇರಲಿ, ಈ ಸಂಬಂಧ ಹಾಗೇ ಇತ್ತು.

ಇದಕ್ಕೂ ಮುಂಚೆ, 1995ರಲ್ಲಿ, ಕಾನ್ಸಾಸ್‌ನ 42 ಕುಟುಂಬಗಳನ್ನು ನೋಡಿ, ಬಡ ಮಕ್ಕಳು ನಾಲ್ಕು ವರ್ಷ ತುಂಬುವಷ್ಟರಲ್ಲಿ ಮೂರು ಕೋಟಿ ಪದ ಕಡಿಮೆ ಕೇಳಿರುತ್ತಾರೆ ಅಂತ ಇಬ್ಬರು ಬರೆದಿದ್ದರು. ಆ ಲೆಕ್ಕ ಊರೆಲ್ಲ ಸುತ್ತಿತು. ಈಗಲೂ ಟ್ರೇನಿಂಗ್‌ಗಳಲ್ಲಿ ಹೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಅವರು ಎಣಿಸಿದ್ದು ಮುಖ್ಯವಾಗಿ ತಂದೆತಾಯಿ ಮಗುವಿಗೆ ನೇರವಾಗಿ ಆಡಿದ ಮಾತನ್ನು. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಆಡಿದ್ದನ್ನೂ ಸೇರಿಸಿದರೆ ಚಿತ್ರ ಬೇರೆಯಾಗುತ್ತದೆ ಅಂತ ಆಮೇಲೆ ಬಂದವರು ತೋರಿಸಿದರು. ನಮ್ಮ ಜಗಲಿಗಳಲ್ಲಿ ಮಾತಿಗೆ ಬರ ಇಲ್ಲ. ಆದರೆ ಮಗುವನ್ನು ಸೇರಿಸಿಕೊಂಡು ಆಡುವ ಮಾತಿಗೆ ಕೆಲವು ಮನೆಗಳಲ್ಲಿ ಬರ ಇದೆ, ಅದರಲ್ಲೂ ಎಲ್ಲರೂ ದುಡಿಯೋಕೆ ಹೋಗುವ ಮನೆಗಳಲ್ಲಿ.

ಟೀಚರ್‌ಗಳಿಗೆ ಇಲ್ಲೇ ಒಂದು ಮಾತು. ನಮ್ಮ ಮಂಡ್ಯದ ಮಗು "ಬತ್ತೀನಿ, ಓಯ್ತೀನಿ" ಅಂದರೆ ದಯವಿಟ್ಟು ಅಲ್ಲೇ ತಿದ್ದಬೇಡಿ. "ಮಿಸ್, ನಮ್ಮನೆ ಅಸು ಕರ ಆಕ್ತು" ಅಂತ ಮಗು ಖುಷಿಯಿಂದ ಓಡಿ ಬರುತ್ತದೆ. ನೀವು "ಅಸು ಅಲ್ಲ, ಹಸು ಅನ್ನು" ಅಂದರೆ ಆ ಕರುವಿನ ಕಥೆ ಅಲ್ಲಿಗೇ ನಿಂತುಹೋಗುತ್ತದೆ. "ಹೌದಾ! ಹಸು ಕರು ಹಾಕ್ತಾ? ಯಾವ ಬಣ್ಣ?" ಅಂತ ಕೇಳಿ. ಮಗು ನಿಮ್ಮ ಬಾಯಿಂದ ಸರಿ ರೂಪ ಕೇಳಿಸಿಕೊಂಡಿತು, ಮಾತೂ ಮುಂದುವರಿಯಿತು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿ ಕೇರಿಗಳಲ್ಲಿ, ಜೇನುಕುರುಬರ ಮಕ್ಕಳಿಗೆ ಇದು ಇನ್ನೂ ಕಷ್ಟ. ಅವರ ಮನೆಮಾತೇ ಬೇರೆ. ಅಂಗನವಾಡಿಯಲ್ಲಿ ಆ ಮಾತು ಬಲ್ಲ ಒಬ್ಬರು ಇಲ್ಲದಿದ್ದರೆ ಮಗು ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ನೆ ಕೂರುತ್ತದೆ. ನಾವು ಅದನ್ನು ದಡ್ಡ ಮಗು ಅಂದುಬಿಡುತ್ತೇವೆ.

ಇನ್ನೊಂದು. ಒಂದೂವರೆ, ಎರಡು ವರ್ಷ ಆದರೂ ಮಾತು ಬಂದಿಲ್ಲ ಅಂದರೆ "ಗಂಡು ಮಕ್ಕಳಿಗೆ ಮಾತು ತಡ" ಅಂತ ಕಾಯಬೇಡಿ. ಕಿವಿ ಕೇಳುತ್ತಾ ಅಂತ ಮೊದಲು ನೋಡಿಸಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಇಡೀ ದೇಶದಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ.

ಈಗ ಹೊಟ್ಟೆಯ ವಿಷಯ. ಇಲ್ಲೂ ಮೈಸೂರಿನದೇ ಒಂದು ದೊಡ್ಡ ಕೆಲಸ ಇದೆ, ನಮ್ಮವರಿಗೇ ಗೊತ್ತಿಲ್ಲ. ನಾವು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆ ಇದೆ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ರಕ್ತ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಮಕ್ಕಳು ಒಂಬತ್ತು ಹತ್ತು ವರ್ಷ ಆದಾಗ ನೆನಪು, ಗಮನ, ಮಾತಿನ ಸರಾಗ ಇವನ್ನೆಲ್ಲ ಅಳೆದರು. ಬಸುರಿನಲ್ಲಿ ಫೋಲೇಟ್ ಅನ್ನುವ ಜೀವಸತ್ವದ ಅಂಶ ಚೆನ್ನಾಗಿದ್ದ ತಾಯಂದಿರ ಮಕ್ಕಳು ಈ ಪರೀಕ್ಷೆಗಳಲ್ಲಿ ಮುಂದಿದ್ದರು. 2010ರಲ್ಲಿ ಇದು ಪ್ರಕಟವಾಯಿತು. ಇದೊಂದರಿಂದಲೇ ಫೋಲೇಟ್ ಬುದ್ಧಿ ಕೊಡುತ್ತದೆ ಅನ್ನಲಾಗದು, ಎರಡೂ ಜೊತೆಗೆ ಕಂಡವು ಅನ್ನಬಹುದು ಅಷ್ಟೇ. ಆದರೆ ಫೋಲೇಟ್ ಇರುವುದು ಎಲ್ಲಿ? ಸೊಪ್ಪಿನಲ್ಲಿ, ಕಾಳಿನಲ್ಲಿ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಮಾಡುವ ಸೀಮೆ ನಮ್ಮದು. ಇಲ್ಲಿ ಬಸುರಿ ಹೆಂಗಸಿಗೆ ಸೊಪ್ಪು ಸಿಗದಿದ್ದರೆ ಅದು ಸೊಪ್ಪಿನ ಕೊರತೆಯಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯಲ್ಲಿ ಉಳಿದದ್ದನ್ನು ಅವಳು ತಿನ್ನುವ ಪದ್ಧತಿಯ ತಪ್ಪು. ಪಲ್ಯ ಗಂಡಸರ ತಟ್ಟೆಯಲ್ಲಿ ಮುಗಿದಿರುತ್ತದೆ, ಅವಳಿಗೆ ಮುದ್ದೆ, ತಿಳಿ ಸಾರು. ಅತ್ತೆಯಂದಿರು ಇಲ್ಲಿ ತುಂಬಾ ಜನ ಇದ್ದೀರಿ. ಬಸುರಿ ಸೊಸೆಗೆ ಮೊದಲು ಬಡಿಸಿ. ಇದಕ್ಕೆ ಯಾವ ಯೋಜನೆಯೂ ಬೇಡ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಕಬ್ಬಿಣದ ಅಂಶ ಕಡಿಮೆಯಾದ ಮಗುವಿಗೆ ಸುಸ್ತು, ಗಮನ ನಿಲ್ಲುವುದಿಲ್ಲ, ಆಟಕ್ಕೂ ಬರುವುದಿಲ್ಲ. ಎಷ್ಟೋ ಸಲ ಇಂಥ ಮಗುವನ್ನೇ ನಾವು "ತುಂಬಾ ಸಾಧು" ಅಂತ ಹೊಗಳುತ್ತೇವೆ. ಅಂಗನವಾಡಿಯಲ್ಲಿ ಗಲಾಟೆ ಮಾಡುವ ಮಗುವಿನ ಬಗ್ಗೆ ನನಗೆ ಚಿಂತೆ ಇಲ್ಲ. ಇಡೀ ದಿನ ಗೋಡೆಗೆ ಒರಗಿ ಕೂರುವ ಮಗುವಿನ ರೆಪ್ಪೆ ಎಳೆದು ನೋಡಿ, ಆಸ್ಪತ್ರೆಗೆ ಕಳಿಸಿ.

ಹಾಗಾದರೆ ಊಟ ಕೊಟ್ಟರೆ ಸಾಕಾ? ಇದಕ್ಕೆ ಜಮೈಕಾದ ಉತ್ತರ ಇದೆ. 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಕುಂಠಿತವಾಗಿ ಬೆಳೆದಿದ್ದ 129 ಕೂಸುಗಳನ್ನು ಆರಿಸಿಕೊಂಡರು. ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಹಾಲಿನ ಪುಡಿಯ ಪೌಷ್ಟಿಕ ಆಹಾರ, ಕೆಲವರಿಗೆ ಆಟ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಆಟ ಅಂದರೆ, ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು ಸುಮಾರು ಒಂದು ಗಂಟೆ ತಾಯಿ ಮಗು ಇಬ್ಬರ ಜೊತೆ ಕೂತು ಆಡುವುದು. ಮನೆಯ ಸಾಮಾನಿನಿಂದಲೇ ಆಟಿಕೆ. ಎರಡು ವರ್ಷ ಹೀಗೆ ನಡೆಯಿತು. 20 ವರ್ಷ ಆದ ಮೇಲೆ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದರು. ಆಟ ಸಿಕ್ಕವರ ಸಂಪಾದನೆ ಸಿಗದವರಿಗಿಂತ ಶೇ 25ರಷ್ಟು ಜಾಸ್ತಿ ಇತ್ತು. ಬರೀ ಪೌಷ್ಟಿಕ ಆಹಾರ ಸಿಕ್ಕವರ ಲಾಭ ಅಷ್ಟು ದೂರ ಉಳಿಯಲಿಲ್ಲ. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲೂ ಇದೇ ಮಾದರಿ ಮಾಡಿ ನೋಡಿದಾಗ ಮಕ್ಕಳ ಕಲಿಕೆ ಮುಂದೆ ಬಂತು.

ಆ ಕಾರ್ಯಕರ್ತೆ ಮಾಡಿದ್ದೇನು ಅಂತ ಯೋಚಿಸಿ. ಅವಳು ಆ ಮನೆಗೆ ಒಂದು ಗಂಟೆ ಪುರುಸೊತ್ತು ತಂದಳು. ತಾಯಿಗೆ ಪಾಠ ಹೇಳಲಿಲ್ಲ, ಬೈಯಲಿಲ್ಲ. "ನೋಡಿ, ಮುಚ್ಚಳ ಕೊಟ್ಟರೆ ಹೇಗೆ ನಗುತ್ತಾನೆ" ಅಂತ ತಾಯಿ ಕೈಯಲ್ಲೇ ಆಡಿಸಿದಳು.

ಅಮೆರಿಕದ ಮಿಚಿಗನ್‌ನಲ್ಲಿ 1962ರಲ್ಲಿ ಶುರುವಾದ ಪೆರ್ರಿ ಬಾಲಶಾಲೆಯ ಕಥೆಯೂ ಹೀಗೇ. 123 ಬಡ ಕಪ್ಪು ಮಕ್ಕಳು, ಅವರಲ್ಲಿ ಕೆಲವರನ್ನು ಬಾಲಶಾಲೆಗೆ ಸೇರಿಸಿಕೊಂಡರು, ಉಳಿದವರನ್ನು ಇಲ್ಲ. ಬಾಲಶಾಲೆಗೆ ಹೋದವರ ಐಕ್ಯೂ, ಅಂದರೆ ಬುದ್ಧಿ ಅಳೆಯುವ ಪರೀಕ್ಷೆಯ ಅಂಕ, ಮೊದಲು ಏರಿತು, ಪ್ರಾಥಮಿಕ ಶಾಲೆಗೆ ಬರುವಷ್ಟರಲ್ಲಿ ಆ ವ್ಯತ್ಯಾಸ ಕರಗಿತು. ಎಲ್ಲರೂ ದಂಡ ಅಂದುಕೊಂಡರು. ಆದರೆ ನಲವತ್ತನೇ ವಯಸ್ಸಿನಲ್ಲಿ ನೋಡಿದಾಗ ಅವರಲ್ಲಿ ಹೈಸ್ಕೂಲು ಮುಗಿಸಿದವರು ಜಾಸ್ತಿ, ಕೆಲಸದಲ್ಲಿದ್ದವರು ಜಾಸ್ತಿ, ಪೊಲೀಸ್ ಕೇಸು ಕಡಿಮೆ. ಪರೀಕ್ಷೆಯ ಅಂಕ ಹೋಯಿತು, ಹಿಡಿದ ಕೆಲಸ ಬಿಡದ ಗುಣ, ಕೋಪ ತಡೆಯುವ ಶಕ್ತಿ ಇಂಥವು ಉಳಿದವು ಅಂತ ಅದನ್ನು ನೋಡಿದವರು ಹೇಳುತ್ತಾರೆ.

ಅಂಥ ಗುಣವನ್ನು ಕಲಿಸುವುದು ಹೇಗೆ? ಕೆರೆ–ದಡ ಆಡಿಸಿ. ನಗಬೇಡಿ, ನಿಜವಾಗಿಯೂ ಹೇಳುತ್ತಿದ್ದೇನೆ. ಗೆರೆಯ ಆ ಕಡೆ ಕೆರೆ, ಈ ಕಡೆ ದಡ. ಟೀಚರ್ "ಕೆರೆ, ದಡ, ಕೆರೆ, ದಡ" ಅನ್ನುತ್ತಾ ಹೋಗಿ ಇದ್ದಕ್ಕಿದ್ದಂತೆ ಮತ್ತೆ "ದಡ" ಅನ್ನುತ್ತಾರೆ. ಅಭ್ಯಾಸ ಬಲದಿಂದ ಕೆರೆಗೆ ಹಾರಲು ಎದ್ದ ಕಾಲನ್ನು ಮಗು ಹಿಡಿದುಕೊಳ್ಳಬೇಕು. ಕಿವಿ ಕೊಟ್ಟು ಕೇಳಬೇಕು, ನಿಯಮ ನೆನಪಿಡಬೇಕು, ಹಾರುವ ಆಸೆ ತಡೆಯಬೇಕು. ಮನಶ್ಶಾಸ್ತ್ರದವರು ಪುಟ್ಟ ಮಕ್ಕಳ ಮನಸ್ಸಿನ ಹಿಡಿತ ಅಳೆಯುವ ಪರೀಕ್ಷೆಗಳಲ್ಲೂ ಇದನ್ನೇ ಮಾಡಿಸುತ್ತಾರೆ. ತಲೆ ಮುಟ್ಟು ಅಂದರೆ ಕಾಲು ಮುಟ್ಟಬೇಕು ಅನ್ನುವಂಥದ್ದು. ಮೊದಲು ತಮಿಳುನಾಡಿನ ರೈತರಿಗೆ ಕೊಟ್ಟ ಪರೀಕ್ಷೆ ಹೇಳಿದೆನಲ್ಲ, ಥಟ್ಟನೆ ಬಂದದ್ದನ್ನು ತಡೆಯುವುದು, ಅದರ ಜಾತಿಯದೇ. ಅಳಗುಳಿ ಮಣೆಯಲ್ಲಿ ಎಣಿಕೆ ಇದೆ. ಚೌಕಾಬಾರದಲ್ಲಿ ಸರದಿ ಕಾಯುವುದಿದೆ. ಅವರೆ, ಹುರುಳಿ, ತೊಗರಿ ಬೆರೆಸಿಕೊಟ್ಟು ಬೇರೆ ಮಾಡಿಸಿದರೆ ಗಣಿತವೂ ಆಯಿತು, ಪೆನ್ಸಿಲ್ ಹಿಡಿಯುವ ಬೆರಳೂ ಪಳಗಿತು. ಮೂರು ವರ್ಷಕ್ಕಿಂತ ಚಿಕ್ಕವರಿಗೆ ಮಾತ್ರ ಕಾಳು ಕೊಡಬೇಡಿ. ಮೂಗಿಗೆ ತುರುಕಿಕೊಳ್ಳುವ ವಯಸ್ಸು. ಅವರಿಗೆ ಚಮಚ, ಡಬ್ಬಿ ಮುಚ್ಚಳ ಸಾಕು.

ಆದರೆ ಊರಿನಲ್ಲಿ ಕೇಳುವುದೇನು? "ಅಂಗನವಾಡೀಲಿ ಏನೂ ಹೇಳ್ಕೊಡಲ್ಲ, ಬರೀ ಆಟ. ಕನ್ವೆಂಟಲ್ಲಾದ್ರೆ ಮೂರು ವರ್ಷಕ್ಕೇ ಎಬಿಸಿಡಿ ಬರಿಸ್ತಾರೆ." ಕೂಲಿ ಮಾಡಿ, ಚೀಟಿ ಎತ್ತಿ ಫೀಸ್ ಕಟ್ಟುವ ತಾಯಂದಿರ ಆಸೆಯನ್ನು ನಾನು ತಪ್ಪು ಅನ್ನುವುದಿಲ್ಲ. ತನಗೆ ಸಿಗದ್ದು ಮಗುವಿಗೆ ಸಿಗಲಿ ಅನ್ನುವ ಆಸೆ ಅದು. ಆದರೆ ಮೂರು ವರ್ಷದ ಬೆರಳಿಗೆ ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ಬರೆಸುವುದರಿಂದ ಮಿದುಳು ಬೆಳೆಯುವುದಿಲ್ಲ. ಮಾಂಟೆಸ್ಸರಿ ಅನ್ನುವ ಬೋರ್ಡು ಈಗ ಮೈಸೂರಿನ ದೊಡ್ಡ ಬಡಾವಣೆಗಳಲ್ಲಿ ಕಾಣುತ್ತದೆ, ಫೀಸೂ ದೊಡ್ಡದು. ಆ ಮಾರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಪ್ಪ ಅಮ್ಮ ದುಡಿಯೋಕೆ ಹೋದಾಗ ಮೆಟ್ಟಿಲಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ. ಕೈಯಿಂದ ಮುಟ್ಟಿ, ಸುರಿದು, ಜೋಡಿಸಿ ಕಲಿಯುವ ಆ ರೀತಿ ಹುಟ್ಟಿದ್ದೇ ನಮ್ಮಂಥ ಮಕ್ಕಳ ನಡುವೆ.

ಹಾಗೇ ಅಂಗನವಾಡಿಯ ಹೆಮ್ಮೆಯೂ ನಮ್ಮ ಸೀಮೆಯದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ಊಟ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳುವಳಿಕೆ, ಇವುಗಳ ಜೊತೆ ಶಾಲೆಪೂರ್ವ ಶಿಕ್ಷಣವೂ ಮೊದಲ ದಿನದಿಂದಲೇ ಇತ್ತು. ಈಗ ಯಾವುದಾದರೂ ಅಂಗನವಾಡಿಗೆ ಬೆಳಿಗ್ಗೆ ಹತ್ತೂವರೆಗೆ ಹೋಗಿ ನೋಡಿ. ಟೀಚರ್ ಮೊಬೈಲ್ ಹಿಡಿದು ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಹಾಜರಿ, ತೂಕ ತುಂಬುತ್ತಿರುತ್ತಾರೆ. ನೆಟ್‌ವರ್ಕ್ ಇಲ್ಲ, ಹೊರಗೆ ಬಂದು ಮರದ ಕೆಳಗೆ ನಿಂತಿರುತ್ತಾರೆ. ಆಮೇಲೆ ಸರ್ವೆ, ಮೀಟಿಂಗು, ಚುನಾವಣೆ ಕೆಲಸ. ಸಹಾಯಕಿ ಅಡುಗೆಯಲ್ಲಿ. ಮಕ್ಕಳು ಕಾಯುತ್ತಿರುತ್ತಾರೆ. ಮನೆಯಲ್ಲಿ ತಾಯಿಗೆ ಪುರುಸೊತ್ತಿಲ್ಲ ಅಂತ ಅಂಗನವಾಡಿಗೆ ಕಳಿಸಿದರೆ ಟೀಚರ್‌ಗೂ ಪುರುಸೊತ್ತಿಲ್ಲ. ಇದು ನನಗೆ ನಿಜವಾಗಿ ಸಂಕಟ ಕೊಡುವ ವಿಷಯ. ಇದರಲ್ಲಿ ಟೀಚರ್ ತಪ್ಪು ಎಳ್ಳಷ್ಟೂ ಇಲ್ಲ. ಸಂಬಳ ಅಂತಲೂ ಅನ್ನದೆ ಗೌರವಧನ ಅಂತ ಕೊಟ್ಟು, ಮೂರು ಜನರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದೇವೆ.

ಕಾನೂನಿನಲ್ಲೂ ಈ ಮಕ್ಕಳು ಹೊರಗೇ ಉಳಿದಿದ್ದಾರೆ. ಸಂವಿಧಾನದ 45ನೇ ವಿಧಿ ಮೊದಲು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣ ಅಂತಿತ್ತು. 2002ರ ತಿದ್ದುಪಡಿಯಲ್ಲಿ ಆರರಿಂದ ಹದಿನಾಲ್ಕು ವರ್ಷದವರಿಗೆ ಅದು ಮೂಲಭೂತ ಹಕ್ಕಾಯಿತು. ಆರು ವರ್ಷದೊಳಗಿನವರಿಗೆ ಸರ್ಕಾರ "ಪ್ರಯತ್ನಿಸಬೇಕು" ಅಂತಷ್ಟೇ ಉಳಿಯಿತು. ಮಿದುಳು ಶೇ 90 ಬೆಳೆದಾದ ಮೇಲೆ ಹಕ್ಕು ಶುರುವಾಗುತ್ತದೆ.

ಮದ್ದೂರು, ಶ್ರೀರಂಗಪಟ್ಟಣ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಬೆಳಿಗ್ಗೆ ವ್ಯಾನ್ ಹತ್ತುವಾಗ ಮಗು ಮಲಗಿರುತ್ತದೆ, ವಾಪಸ್ ಬರುವಾಗ ಕತ್ತಲಾಗಿರುತ್ತದೆ. ಆಲೆಮನೆಗೆ ದೂರದೂರಿಂದ ದುಡಿಯೋಕೆ ಬಂದವರ ಕೂಸುಗಳು ಕೊಪ್ಪರಿಗೆಯ ಹತ್ತಿರವೇ ಆಡುತ್ತಿರುತ್ತವೆ. ಆ ಮಕ್ಕಳ ಹೆಸರು ಎಷ್ಟೋ ಸಲ ಯಾವ ಅಂಗನವಾಡಿಯ ಪಟ್ಟಿಯಲ್ಲೂ ಇರುವುದಿಲ್ಲ. ನರೇಗಾ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗೆ ಅಂತ 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ, ಅಂದರೆ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ, ಘೋಷಣೆಯಾಯಿತು. ಒಳ್ಳೆಯ ಯೋಜನೆ. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯಾ, ತೆರೆದಿದ್ದರೆ ಒಳಗೆ ಮಕ್ಕಳು ಇದ್ದಾರಾ ಅಂತ ಹೋಗಿ ನೋಡಿ.

ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಹಾಗಾಗಿ ನೇರವಾಗಿ ಕೇಳುತ್ತೇನೆ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಎರಡು ವಿಷಯ ಬರೆಸಿ. ಒಂದು, ಬೆಳಿಗ್ಗೆ ಎರಡು ಗಂಟೆ ಟೀಚರ್‌ಗೆ ಯಾವ ಮೀಟಿಂಗೂ ಯಾವ ಸರ್ವೆಯೂ ಹೇಳಬಾರದು, ಆ ಹೊತ್ತು ಮಕ್ಕಳದ್ದು ಅಂತ ನಿರ್ಣಯ ಮಾಡಿ ತಾಲ್ಲೂಕು ಕಚೇರಿಗೆ ಕಳಿಸಿ. ಇನ್ನೊಂದು, ನಿಮ್ಮ ಸರಹದ್ದಿನ ಆಲೆಮನೆ, ಇಟ್ಟಿಗೆ ಗೂಡುಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು ಇದ್ದಾರೆ ಅಂತ ಹೆಸರು ಹಿಡಿದು ಪಟ್ಟಿ ಮಾಡಿ, ಹತ್ತಿರದ ಅಂಗನವಾಡಿಗೆ ಸೇರಿಸಿ. ಆಧಾರ್ ಕಾರ್ಡ್ ಇಲ್ಲ, ಬೇರೆ ರಾಜ್ಯದವರು ಅಂತ ಯಾರಾದರೂ ತಡೆದರೆ, ಆ ಕೂಸಿನ ಪರವಾಗಿ ನೀವು ಹೋಗಿ ನಿಲ್ಲಿ.